ಹಿಂದಿನ ಓಣಿಯ ಝಟ್ಕಾ ತಂತಿ: ಭಾನುವಾರದ ಮೀಟಿಂಗಿಗೆ ಮೊದಲು ಮಾತಾಡೋಣ

ರೋ ಹೌಸ್ 11:
ಎಲ್ಲರಿಗೂ ನಮಸ್ಕಾರ. ಸೊಸೈಟಿಯ ದೊಡ್ಡ ಗುಂಪಿನಲ್ಲಿ ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಜಗಳ ಜೋರಾಗಿದೆ. ಭಾನುವಾರದೊಳಗೆ ನಾವು ಕನ್ನಡದವರಾದರೂ ಒಂದು ಮಾತಿಗೆ ಬರೋಣ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಊರಲ್ಲಿ ಇಲ್ಲದವರಿಗಾಗಿ ಹೇಳುತ್ತೇನೆ. ನಮ್ಮ ಹಿಂದಿನ ಓಣಿಗೆ ಹತ್ತಿದ ಗೋಠಾದವರು, ಅಂದರೆ ಎಮ್ಮೆ ಕೊಟ್ಟಿಗೆಯವರು, ಎಮ್ಮೆ ಹೊರಗೆ ಬರದಂತೆ ಕರೆಂಟ್ ತಂತಿ ಎಳೆಸಿದ್ದಾರೆ. ಹಳೇ ಮುಳ್ಳುತಂತಿ ಇತ್ತಲ್ಲ, ಅದರ ಮೇಲಿನ ಸಾಲಿಗೇ ಹೊಸ ತಂತಿ ಸುತ್ತಿಕೊಂಡು ಬಂದಿದ್ದಾರೆ. ಗೇಟಿನ ಹತ್ತಿರ ಹಳದಿ ಇನ್ಸುಲೇಟರ್ ಇದೆ. ಮುಂದೆ ಹೋದಂತೆ ಸೈಕಲ್ ಟ್ಯೂಬಿನ ತುಂಡು ಕಟ್ಟಿದ್ದಾರೆ. ಮೂಲೆಯ ಜಾಲಿ ಕಂಬಕ್ಕೆ ಅದೂ ಇಲ್ಲ. ಬೋರ್ಡ್ ಅಂತೂ ಎಲ್ಲೂ ಇಲ್ಲ. ಮಂಗಳವಾರ ಸಂಜೆ ಬಿ ಸಾಲಿನ ಹುಡುಗ ಚೆಂಡು ತೆಗೆಯಲು ಹೋಗಿ ಹೊಡೆಸಿಕೊಂಡ. ಆರಾಮಾಗಿದ್ದಾನೆ, ಹೆದರಿದ್ದಾನೆ ಅಷ್ಟೆ. ಅವನ ಅಪ್ಪ ಹೋಗಿ ಕೂಗಾಡಿದರು. ಆ ಕಡೆಯಿಂದ, ನನ್ನ ಜಾಗದಲ್ಲಿ ನಿಮ್ಮ ಹುಡುಗರಿಗೆ ಏನು ಕೆಲಸ ಅಂತ ಉತ್ತರ ಬಂತು.

ತಂತಿ ಬೇಕಾ ಬೇಡವಾ ಅನ್ನುವ ಜಗಳ ಆಮೇಲೆ. ಆ ತಂತಿಗೆ ಕರೆಂಟ್ ಎಲ್ಲಿಂದ ಬರುತ್ತಿದೆ ಅಂತ ಮೊದಲು ಗೊತ್ತಾಗಬೇಕು. ಬೇಲಿಗೆಂದೇ ಮಾಡಿದ ಝಟ್ಕಾ ಮಶೀನಿನಿಂದಲೋ, ಮನೆಗೆ ಬರುವ ಕರೆಂಟಿನ ನೇರ ಲೈನಿನಿಂದಲೋ? ಅದೊಂದು ತಿಳಿಯದೆ ಭಾನುವಾರ ಎಷ್ಟು ಕೂಗಿದರೂ ಸುಮ್ನೆ.

ಎ-2:
ಇದರಲ್ಲಿ ತಿಳಿಯೋದು ಏನಿದೆ? ಮಕ್ಕಳು ಓಡಾಡುವ ಕಡೆ ಕರೆಂಟ್ ಹಾಕೋದೇ ತಪ್ಪು. ರಾತ್ರಿ ಒಂದು ಕಟಿಂಗ್ ಪ್ಲೇಯರ್ ತಗೊಂಡು ಹೋದರೆ ಐದು ನಿಮಿಷದ ಕೆಲಸ.

ಬಿ-4:
ಎ-2 ಅವರೇ, ದಯವಿಟ್ಟು ಬೇಡ. ಅದು ನೇರ ಲೈನ್ ಆಗಿದ್ದರೆ ಪ್ಲೇಯರ್ ಜೊತೆ ನೀವೂ ಅಲ್ಲೇ ಉಳಿಯುತ್ತೀರಿ. ಮಶೀನ್ ಆಗಿದ್ದರೆ ಬೆಳಿಗ್ಗೆ ಎಮ್ಮೆ ರಸ್ತೆಗೆ, ಕೇಸು ನಿಮ್ಮ ಮೇಲೆ.

ನಮ್ಮದು ಶಿರಸಿ ಕಡೆ. ಊರಿನ ತೋಟಕ್ಕೆ ಇದೇ ಥರದ ಬೇಲಿ ಹಾಕಿದ್ದೇವೆ, ಹಂದಿ ಕಾಟಕ್ಕೆ. ಗೊತ್ತಿರುವಷ್ಟು ಹೇಳುತ್ತೇನೆ. ಇಲ್ಲಿಯವರು ಝಟ್ಕಾ ಮಶೀನ್ ಅನ್ನುವ ಪೆಟ್ಟಿಗೆ 12 ವೋಲ್ಟ್ ಬ್ಯಾಟರಿಯಲ್ಲಿ ನಡೆಯುತ್ತದೆ, ಜಾಸ್ತಿ ಜನ ಮೇಲೊಂದು ಸೋಲಾರ್ ಪ್ಲೇಟ್ ಇಟ್ಟಿರುತ್ತಾರೆ. ತಂತಿಯಲ್ಲಿ ಐದರಿಂದ ಹತ್ತು ಸಾವಿರ ವೋಲ್ಟ್ ಇರುತ್ತದೆ. ಕೇಳಿದರೆ ಎದೆ ಒಡೆಯುತ್ತದೆ, ಅಲ್ವಾ? ಆದರೆ ಅದು ಸತತವಾಗಿ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಹೊಡೆದು ಬಿಡುತ್ತದೆ. ಅಷ್ಟರಲ್ಲಿ ಕೈ ತಾನೇ ಹಿಂದೆ ಬರುತ್ತದೆ. ಇಂಥ ಮಶೀನುಗಳಿಗೆ ಐಇಸಿ 60335-2-76 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡ ಇದೆ. ಒಂದು ಹೊಡೆತದಲ್ಲಿ 5 ಜೂಲ್‌ಗಿಂತ ಜಾಸ್ತಿ ಶಕ್ತಿ ಬಿಡಬಾರದು ಅಂತ ಅದರಲ್ಲಿದೆ.

ಮನೆಯ 230 ವೋಲ್ಟ್ ಹಾಗಲ್ಲ. ಅದು ನಿಲ್ಲದೆ ಹರಿಯುತ್ತದೆ, ಸ್ನಾಯು ಬಿಗಿದು ಹಿಡಿದ ಕೈ ಬಿಡಲು ಆಗುವುದಿಲ್ಲ. ಹೊಲದ ಬೇಲಿಗೆ ಸಿಕ್ಕಿ ಜನ ಸತ್ತರು, ಆನೆ ಸತ್ತಿತು ಅಂತ ಪೇಪರಿನಲ್ಲಿ ಓದುತ್ತೇವಲ್ಲ, ಅದರ ಹಿಂದೆ ಸಾಮಾನ್ಯವಾಗಿ ಇರುವುದು ಈ ನೇರ ಲೈನು.

ನನಗೆ ನಿಜವಾದ ಭಯ ಮಳೆಗಾಲದ್ದು. ಹುಲ್ಲು ಬೆಳೆದು ತಂತಿಗೆ ತಾಗಿದರೆ ಕರೆಂಟ್ ಹುಲ್ಲಿನಿಂದಲೇ ನೆಲಕ್ಕೆ ಇಳಿಯುತ್ತದೆ, ಝಟ್ಕಾ ಸಪ್ಪೆಯಾಗುತ್ತದೆ. ಮೂಲೆ ಕಂಬದಲ್ಲಿ ಇನ್ಸುಲೇಟರ್ ಇಲ್ಲದಿದ್ದರೂ ಅದೇ ಕಥೆ. ಆಗ ಎಮ್ಮೆ ಹೆದರುವುದಿಲ್ಲ. ಮಶೀನ್ ಕೆಟ್ಟಿದೆ ಅಂದುಕೊಂಡು ಕೆಲವರು ರಾತ್ರಿ ಹೊತ್ತು ಬೋರ್‌ವೆಲ್ ಪ್ಯಾನೆಲ್ಲಿನಿಂದ ಒಂದು ವೈರ್ ಎಳೆದು ಕೊಟ್ಟುಬಿಡುತ್ತಾರೆ. ಹುಲ್ಲು ಸವರಿ ಇನ್ಸುಲೇಟರ್ ಹಾಕಿದ್ದರೆ ಮುಗಿಯುತ್ತಿತ್ತು.

ರೋ ಹೌಸ್ 6:
ಹುಡುಗನ ಕೈ ಹಿಂದೆ ಬಂದಿದೆ ಅಂದರೆ ಮಶೀನೇ ಇರಬೇಕು ಅಲ್ವಾ? ನನ್ನ ಹತ್ತಿರ ಟೆಸ್ಟರ್ ಇದೆ, ಹಚ್ಚಿ ನೋಡಲಾ?

ಬಿ-4:
ಬೇಡವೇ ಬೇಡ! ಮನೆಯ ಟೆಸ್ಟರ್ ಇಷ್ಟು ಸಾವಿರ ವೋಲ್ಟಿಗೆ ಮಾಡಿದ್ದಲ್ಲ. ಮಂಗಳವಾರ ಸಂಜೆ ಮಶೀನ್ ಇದ್ದರೂ ರಾತ್ರಿ ಏನಿರುತ್ತದೋ ಗೊತ್ತಿಲ್ಲ. ಪೆಟ್ಟಿಗೆ ತೋರಿಸಿ ಅಂತ ಅವರನ್ನೇ ಕೇಳೋಣ. ದೀಪ ಮಿಣುಕುತ್ತದೆ, ಟಕ್ ಟಕ್ ಸದ್ದು ಬರುತ್ತದೆ. ಯಾರಾದರೂ ತಂತಿಗೆ ಅಂಟಿಕೊಂಡದ್ದು ಕಂಡರೆ ಕೈ ಹಿಡಿದು ಎಳೆಯಬೇಡಿ. ಮೊದಲು ಮೇನ್ ಆಫ್ ಮಾಡಿಸಿ. ಇದನ್ನು ಮನೆಗೆಲಸದವರಿಗೂ ವಾಚ್‌ಮನ್‌ಗೂ ಹೇಳಿಡಿ.

ಸಿ-1:
ನನ್ನ ಯಜಮಾನರಿಗೆ ಪೇಸ್‌ಮೇಕರ್ ಇದೆ. ಸಂಜೆ ಅದೇ ಓಣಿಯಲ್ಲಿ ವಾಕಿಂಗ್. ಜೂಲು ವೋಲ್ಟು ಲೆಕ್ಕ ನನಗೆ ಬೇಡ. ತಂತಿ ತೆಗೆಯಬೇಕು, ಅಷ್ಟೆ.

ರೋ ಹೌಸ್ 9:
ಅಮ್ಮಾ, ನಿಮ್ಮ ಆತಂಕ ಸರಿ. ಆದರೆ ಒಂದು ಮಾತು ಹೇಳದೆ ಇರಲಾರೆ. ಎಮ್ಮೆ ಬಂದು ಕಾರಿಗೆ ಮೈ ಉಜ್ಜುತ್ತವೆ, ತುಳಸಿ ಕಟ್ಟೆ ಬೀಳಿಸಿದವು, ಬೇಲಿ ಗಟ್ಟಿ ಮಾಡಿ ಅಂತ ಪತ್ರ ಕೊಟ್ಟದ್ದು ನಮ್ಮ ಸೊಸೈಟಿಯೇ. ಅವರು ಗಟ್ಟಿ ಮಾಡಿದರು. ನಮ್ಮ ಈ ಮಾಂಜರಿ ಬುದ್ರುಕ್ ಪುಣೆ ಪಾಲಿಕೆಗೆ ಸೇರಿದ್ದು 2021ರಲ್ಲಿ. ಗೋಠಾ ಅದಕ್ಕೂ ಹಳೆಯದು. ನಮ್ಮಲ್ಲಿ ಅರ್ಧ ಮನೆಗೆ ಹಾಲು ಅಲ್ಲಿಂದಲೇ ಬರುತ್ತದೆ. ಎಮ್ಮೆಯೂ ಬೇಡ, ಬೇಲಿಯೂ ಬೇಡ, ದಪ್ಪ ಹಾಲು ಮಾತ್ರ ಬೇಕು ಅಂದರೆ ಹೇಗೆ?

ಎ-2:
ಹಾಲು ಪ್ಯಾಕೆಟ್‌ನಲ್ಲೂ ಸಿಗುತ್ತದೆ. ಪೊಲೀಸ್ ಕಂಪ್ಲೇಂಟ್ ಕೊಡೋಣ.

ಡಿ-3:
ಪೊಲೀಸ್ ಕಂಪ್ಲೇಂಟ್ ಅಂದಿರಿ, ಯಾವ ಕಲಂ ಬರುತ್ತದೆ ಅಂತ ಚಿಕ್ಕದಾಗಿ ಹೇಳುತ್ತೇನೆ. ಜುಲೈ 2024ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅಜಾಗ್ರತೆಯಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದರೆ ಅದರ 125ನೇ ಕಲಂ, ಸಾವೇ ಆದರೆ 106. ಕಂಬಕ್ಕೆ ಕೊಕ್ಕೆ ಹಾಕಿ ಕರೆಂಟ್ ಎಳೆದಿದ್ದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಂ, ಅಂದರೆ ಕಳ್ಳತನ. ಸಾರ್ವಜನಿಕ ಉಪದ್ರವ ತೆಗೆಸಲು ಸಿಆರ್‌ಪಿಸಿ ಬದಲು ಬಂದ ನಾಗರಿಕ ಸುರಕ್ಷಾ ಸಂಹಿತೆಯ 152 ಇದೆ. ನೇರ ಲೈನ್ ಅಂತ ಗೊತ್ತಾದರೆ ಮಾತುಕತೆಗೆ ಕೂರಬೇಡಿ, ಅದೇ ಕ್ಷಣ ಕರೆಂಟ್ ದೂರಿನ ಸಹಾಯವಾಣಿ 1912ಕ್ಕೆ ಫೋನ್ ಮಾಡಿ. ಮಶೀನ್ ಆಗಿದ್ದರೆ ಮೊದಲ ದಿನವೇ ಠಾಣೆಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ. ನಾಳೆಯೂ ಅದೇ ಓಣಿಯಲ್ಲಿ ಎದುರುಬದುರು ಬದುಕಬೇಕು.

ರೋ ಹೌಸ್ 11:
ಸರಿ, ಹಾಗಾದರೆ ಅವರ ಮುಂದೆ ಏನು ಕೇಳೋಣ? ಬಿ-4, ನಿಮ್ಮ ಪ್ರಕಾರ ಹೇಗಿದ್ದರೆ ಒಪ್ಪಬಹುದು?

ಬಿ-4:
ಮೊದಲನೆಯದಾಗಿ ಮುಳ್ಳುತಂತಿಯಲ್ಲಿ ಕರೆಂಟ್ ಇರಲೇಬಾರದು. ಆ ಮಾನದಂಡದಲ್ಲೇ ಹೀಗೆ ಹೇಳಿದ್ದಾರೆ. ಬಟ್ಟೆಯೋ ಚರ್ಮವೋ ಮುಳ್ಳಿಗೆ ಸಿಕ್ಕಿದರೆ ಹೊಡೆತ ತಿಂದವರಿಗೆ ಹಿಂದೆ ಸರಿಯಲು ಆಗುವುದಿಲ್ಲ, ಹೊಡೆತದ ಮೇಲೆ ಹೊಡೆತ. ಮುಳ್ಳುತಂತಿ ಓಣಿಯ ಕಡೆ ಹಾಗೇ ಇರಲಿ. ಕರೆಂಟ್ ತಂತಿ ಅದರಿಂದ ಒಂದು ಮೀಟರ್ ಒಳಗೆ ಹೋಗಲಿ. ಪಳಗಿದ ಎಮ್ಮೆಗೆ ಮೂತಿಯ ಎತ್ತರಕ್ಕೆ ಒಂದೇ ಸಾಲು ಸಾಕು. ಬಿಳಿ ಟೇಪ್ ಹಾಕಿದರೆ ಎಮ್ಮೆಗೂ ಕಾಣುತ್ತದೆ, ಮಕ್ಕಳಿಗೂ ಕಾಣುತ್ತದೆ. ಆ ಒಂದು ಮೀಟರ್ ಸಿಕ್ಕರೆ ಸಿ-1 ಅವರ ಯಜಮಾನರು ಓಣಿಯ ಈ ಬದಿಯಲ್ಲಿ ನಿಶ್ಚಿಂತೆಯಿಂದ ನಡೆಯಬಹುದು.

ಮಶೀನಿನ ಅರ್ಥಿಂಗ್ ರಾಡ್ ನಮ್ಮ ಮನೆಗಳ ಅರ್ಥಿಂಗ್‌ನಿಂದ 10 ಮೀಟರ್ ದೂರ ಇರಬೇಕು, ಈಗ ಅದು ರೋ ಹೌಸ್ 6ರ ಕಾಂಪೌಂಡಿಗೆ ಅಂಟಿದಂತಿದೆ. ಹಳದಿ ಬೋರ್ಡ್, ಕನಿಷ್ಠ 10 ಸೆಂಟಿಮೀಟರ್‌ಗೆ 20, ಎರಡೂ ಬದಿಗೆ ಕಾಣುವಂತೆ. ಮರಾಠಿಯಲ್ಲಿ ಬರೆಸೋಣ, ಜೊತೆಗೆ ಓದಲು ಬಾರದವರಿಗೆ ಚಿತ್ರ.

ಸಿ-1:
ಇಷ್ಟೆಲ್ಲ ಖರ್ಚು ಯಾರದು? ನಾನಂತೂ ಕೊಡುವುದಿಲ್ಲ.

ರೋ ಹೌಸ್ 9:
ಬೋರ್ಡ್ ಮತ್ತು ಇನ್ಸುಲೇಟರ್ ಸೊಸೈಟಿ ಕೊಡಲಿ ಅಂತ ನಾನು ಭಾನುವಾರ ಕೇಳುತ್ತೇನೆ. ತಂತಿ ಒಳಗೆ ಸರಿಸುವ ಕೂಲಿ ಅವರದು. ಎಮ್ಮೆ ಅವರವು, ಲಾಭ ಅವರದು. ಹುಲ್ಲು ಸವರಲು ನಮ್ಮ ಮಾಳಿಯನ್ನು ತಿಂಗಳಿಗೊಮ್ಮೆ ಕಳಿಸೋಣ. ಅಷ್ಟು ಕೊಟ್ಟರೆ ಅವರೂ ಬಾಗುತ್ತಾರೆ. ಸುಮ್ನೆ ನೋಟಿಸ್ ಹಿಡಿದು ಹೋದರೆ ಗೇಟ್ ಹಾಕಿಕೊಳ್ಳುತ್ತಾರೆ, ನೋಡಿ.

ಎ-2:
ನಾನು ಒಪ್ಪಿಲ್ಲ. ಆದರೂ ಬರುತ್ತೇನೆ. ಪೆಟ್ಟಿಗೆ ತೋರಿಸದಿದ್ದರೆ ಅಲ್ಲಿಂದಲೇ 1912ಕ್ಕೆ ಹಚ್ಚುತ್ತೇನೆ.

ರೋ ಹೌಸ್ 11:
ಆಯಿತು, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಮಾತಾಡುವುದು ಮಾತ್ರ ರೋ ಹೌಸ್ 9, ಅವರ ಮರಾಠಿ ಸೊಲ್ಲಾಪುರದ್ದು, ಗೋಠಾದವರಿಗೆ ಹಿಡಿಸುತ್ತದೆ. ಹುಡುಗನ ಅಪ್ಪನನ್ನೂ ಕರೆಯುತ್ತೇನೆ, ಕೂಗಾಡುವುದಿಲ್ಲ ಅಂತ ಒಪ್ಪಿದರೆ. ಶನಿವಾರ ಬೆಳಿಗ್ಗೆ ಎಂಟಕ್ಕೆ ಗೇಟ್ ಹತ್ತಿರ ಸೇರೋಣ. ಅದಕ್ಕಿಂತ ಮೊದಲು ಬೇಡ, ಹಾಲು ಕರೆದು ಹಾಕುವ ಹೊತ್ತು. ಅಲ್ಲಿವರೆಗೆ ಮಕ್ಕಳ ಆಟ ಮುಂದಿನ ಪಾರ್ಕಿಂಗ್‌ನಲ್ಲಿ. ಆ ಕಡೆ ಚೆಂಡು ಹೋದರೆ ವಾಚ್‌ಮನ್‌ಗೆ ಹೇಳಿ, ಒಳಗೆ ಫೋನ್ ಮಾಡಿ ಸ್ವಿಚ್ ಆಫ್ ಮಾಡಿಸಿದ ಮೇಲೆ ತರುತ್ತಾರೆ.