ಉತ್ತರ: ಹಳದಿ ಹೂವಿನ ಕಾಡು ಕ್ಲೋವರ್‌ಗೆ ಕನ್ನಡದಲ್ಲಿ ಏನಂತಾರೆ? (ತುರ್ತು, ಪುಣೆ)

ಪುಣೆಯ ಹಡಪ್ಸರದಲ್ಲಿ ಕಂಡ ಗಿಡದ ಫೋಟೋ ಹಾಕಿ, ಅದರ ಹೆಸರಿನ ಬೋರ್ಡ್ ಬರೆಯುವವನು ಶುಕ್ರವಾರ ಬರ್ತಾನೆ ಅಂದಿದ್ದೀರಿ, ಅದಕ್ಕೆ ಉತ್ತರ ಮೊದಲು. ‘ಕಾಡುಮೆಂತ್ಯ’ ಅಂತ ಬರೆಸಿ. ಪಕ್ಕದಲ್ಲಿ ಮರಾಠಿಗೆ ‘ರಾನ್ ಮೇಥಿ’. ಉಳಿದದ್ದೆಲ್ಲ ಇಲ್ಲಿನ ಜಗಳಕ್ಕೆ.

ನಿನ್ನೆ ಒಬ್ಬರು ‘ಅದು ಪುಳ್ಳಂಪುರಚಿ, ಇಷ್ಟೂ ಗೊತ್ತಿಲ್ವಾ’ ಅಂತ ಗದರಿದರು. ಫೋಟೋ ದೊಡ್ಡದು ಮಾಡಿ ನೋಡಿದ್ದರೆ ಗದರುತ್ತಿರಲಿಲ್ಲ. ಪುಳ್ಳಂಪುರಚಿ ನೆಲಕ್ಕಂಟಿ ಹರಡುತ್ತೆ. ಎಲೆಯ ತುದಿ ಸೀಳಿರುತ್ತೆ, ಹೂವಿಗೆ ಐದು ಬಿಡಿ ಎಸಳು, ಅಗಿದರೆ ಹುಳಿ. ಮರಾಠಿಯವರು ಆಂಬುಶಿ ಅನ್ನೋದು ಅದನ್ನೇ. ನಿಮ್ಮ ಫೋಟೋದಲ್ಲಿ ಎಲೆಯಂಚು ಸಣ್ಣ ಗರಗಸದ ಹಾಗಿದೆ. ಮೂರೆಲೆಗಳಲ್ಲಿ ನಡುವಿನದಕ್ಕೆ ಮಾತ್ರ ತೊಟ್ಟು ಕೊಂಚ ಉದ್ದ. ಹೂವು ಎರಡು ಮೂರು ಮಿಲಿಮೀಟರ್, ಅವರೆ ಹೂವಿನದೇ ಅಚ್ಚು, ಕಡ್ಡಿಯ ಉದ್ದಕ್ಕೂ ಸಾಲಾಗಿದೆ. ಅದರ ಕೆಳಗೆ ಪುಟ್ಟ ಗುಂಡು ಕಾಯಿ. ಇದರ ಲ್ಯಾಟಿನ್ ಹೆಸರು ಮೆಲಿಲೋಟಸ್ ಇಂಡಿಕಸ್. ಹಡಪ್ಸರದ ಕಾಲುವೆ ಪಕ್ಕ, ಅದೂ ಚಳಿಗಾಲದಲ್ಲಿ ಅಂದಮೇಲೆ ಅನುಮಾನವೇ ಬೇಡ. ಗೋಧಿ ಹೊಲದ ಹಳೇ ಕಳೆ, ತೇವ ಕಂಡಲ್ಲಿ ಏಳುತ್ತೆ. ಮೆಡಿಟರೇನಿಯನ್ ಕಡೆಯಿಂದ ನಮ್ಮ ದೇಶದವರೆಗೂ ಇದೆ. ಒಂದು ಕಡ್ಡಿ ಒಣಗಿಸಿ ಮೂಸಿ, ಸಿಹಿ ಹುಲ್ಲಿನ ವಾಸನೆ ಬರುತ್ತೆ. ಅದು ಗಿಡದೊಳಗಿನ ಕೂಮರಿನ್ ಅನ್ನೋ ರಾಸಾಯನಿಕದ್ದು.

ಗಿಡ ಗುರುತಿಸೋ ಆ್ಯಪ್ ‘ಹಳದಿ ಕ್ಲೋವರ್’ ಅಂದಿತು ಅಂತ ಹೊರಟಿದ್ದೇ ತಪ್ಪು. ಯುರೋಪಿನ ಹುಲ್ಲುಗಾವಲಿನ ಹಳದಿ ಕ್ಲೋವರ್‌ಗಳು ಟ್ರೈಫೋಲಿಯಂ ಕುಲದವು. ಅವುಗಳ ಹೂವು ಸಾಲಾಗಿರಲ್ಲ, ಚಿಕ್ಕ ಚೆಂಡಿನ ಹಾಗೆ ಒತ್ತಾಗಿರುತ್ತೆ. ಇದು ಅವಕ್ಕೆ ದಾಯಾದಿ. ಮೆಂತ್ಯವೂ ಅದೇ ದಾಯಾದಿಗಳ ಗುಂಪಿನದೇ. ಹಾಗಾಗಿ ‘ಕಾಡುಮೆಂತ್ಯ’ ಬರೀ ಹೋಲಿಕೆಯ ಹೆಸರಲ್ಲ, ಸಸ್ಯಶಾಸ್ತ್ರದ ಲೆಕ್ಕಕ್ಕೂ ಕೂರುತ್ತೆ.

‘ಪೀತತ್ರಿಪರ್ಣಿ’ (ಹಳದಿ ಮೂರೆಲೆ) ಅಂತ ಸಂಸ್ಕೃತ ಕಟ್ಟಿದವರಿಗೆ: ಬೇಡ. ‘ಅರಿಸಿನ ಮೂರೆಲೆ’ ಅಂತ ಅಚ್ಚಗನ್ನಡ ಕಟ್ಟಿದವರಿಗೂ: ಬೇಡ. ಅವರೆಗೆ ಮೂರೆಲೆ, ಹುರುಳಿಗೆ ಮೂರೆಲೆ, ಮುತ್ತುಗಕ್ಕೆ ಮೂರೆಲೆ, ಬಿಲ್ವಕ್ಕೂ ಮೂರೆಲೆ. ಸಂಸ್ಕೃತ ತೆಗೆದು ಕನ್ನಡ ಇಟ್ಟ ಮಾತ್ರಕ್ಕೆ ಪೊಳ್ಳು ಪದ ಗಟ್ಟಿಯಾಗಲ್ಲ.

ಇನ್ನು ‘ಕ್ಲೋವರ್ ಪರಕೀಯ, ಕನ್ನಡಕ್ಕೆ ಬಂದೇ ಇಲ್ಲ’ ಅನ್ನೋ ವಾದ. ಸ್ವಾಮಿ, ನೀವು ಇಸ್ಪೀಟ್ ಆಡಿಲ್ವಾ? ಕಳಾವರ್ ಅಂದರೇನು? ಡಚ್ಚರ ಮಾತಿನಲ್ಲಿ ಕ್ಲಾವರ್ ಅಂದರೆ ಈ ಮೂರೆಲೆಯ ಗಿಡವೇ, ಇಸ್ಪೀಟೆಲೆಯ ಮೇಲಿನ ಆ ಕರೀ ಗುರುತೂ ಅದೇ. ಇಸ್ಪೀಟಿನ ಆಠೀನೂ ಡಚ್ಚರ ಹಾರ್ಟನ್‌ನಿಂದಲೇ ಬಂದದ್ದು ಅನ್ನೋದು ನನ್ನ ಹಳೇ ಹಟ, ಬೇಕಾದರೆ ಬೇರೆ ಚರ್ಚೆಯಲ್ಲಿ ಹೊಡೆದಾಡೋಣ. ಅಂತೂ ಕ್ಲೋವರ್ ನಮ್ಮ ಜಗಲಿ ಹತ್ತಿ ಕೂತು ಎಷ್ಟೋ ಕಾಲ ಆಯ್ತು. ಹಾಗಂತ ಬೋರ್ಡಿಗೆ ‘ಹಳದಿ ಕಳಾವರ್’ ಅಂತ ಬರೆಸಬೇಡಿ, ಜನ ಜೂಜುಕಟ್ಟೆ ಅಂದ್ಕೊಳ್ತಾರೆ.

ಸಾಲ ತರೋದರಲ್ಲಿ ತಪ್ಪೇನಿಲ್ಲ. ನಾವು ಪೋರ್ಚುಗೀಸರ ಬಟಾಟೆ ತಿಂತೀವಿ, ಹೆಸರು ಬದಲಿಸಿಲ್ಲ. ಅವರೇ ತಂದ ಮೆಣಸಿನಕಾಯಿಗೆ ಮಾತ್ರ ನಮ್ಮ ಮೆಣಸಿನ ಹೆಸರನ್ನೇ ಕೊಟ್ಟೆವು. ಲೂಸರ್ನ್ ಮೇವು ಬಂದಾಗ ನಮ್ಮವರು ಕುದುರೆ ಮಸಾಲೆ ಅಂದರು. ಮರಾಠಿಯವರು ಅದನ್ನು ಲಸೂಣ್ ಘಾಸ್ (ಬೆಳ್ಳುಳ್ಳಿ ಹುಲ್ಲು) ಅಂತಾರೆ, ಬೆಳ್ಳುಳ್ಳಿ ವಾಸನೆಯೇ ಇಲ್ಲದಿದ್ದರೂ! ಮುಂಬೈ ಸಂತೆಯ ಸಮುದ್ರ ಮೇಥಿಯೂ ಕಡಲ ಗಿಡವಲ್ಲ, ಮರಳಲ್ಲಿ ಬಿತ್ತಿ ಎಳೆಯದಿದ್ದಾಗಲೇ ಕಿತ್ತ ಮೆಂತ್ಯ. ಹೆಸರಿಡುವವರು ಹೀಗೆ ಕಣ್ಣಿಗೆ ಕಂಡದ್ದು, ಕಿವಿಗೆ ಬಿದ್ದದ್ದು ಹಿಡಿದು ಇಡ್ತಾರೆ. ಸಮಿತಿ ಮಾಡಲ್ಲ.

‘ಮೆಂತ್ಯವೂ ಸಂಸ್ಕೃತದ ಮೇಥಿಕಾದಿಂದಲೇ ಬಂದದ್ದು, ಆಗ ನಿಮ್ಮ ಪದವೂ ಸಾಲವೇ’ ಅಂತ ಯಾರಾದರೂ ಬರೀತಾರೆ, ಗೊತ್ತು. ತೆಲುಗಿನ ಮೆಂತಿ, ತಮಿಳಿನ ವೆಂದಯಂ ಎರಡನ್ನೂ ಎದುರಿಗಿಟ್ಟುಕೊಂಡು ಬರೀರಿ, ಸಾಲ ಕೊಟ್ಟವರು ನಾವೇ ಇರಬಹುದು.

ಬೋರ್ಡಿನ ಬಗ್ಗೆ ಇನ್ನೊಂದು ಮಾತು. ‘ರಾನ್ ಮೇಥಿ’ ಅಂತ ಹುಲ್ಲುಹಾಸಿನಲ್ಲಿ ಹರಡುವ ಗುಲಾಬಿ ಹೂವಿನ ಪುಟ್ಟ ಬಳ್ಳಿಯನ್ನೂ ಕರೀತಾರೆ. ಗೊಂದಲ ಆಗದ ಹಾಗೆ ನಿಮ್ಮ ಗಿಡದ ಲ್ಯಾಟಿನ್ ಹೆಸರೂ ಕೆಳಗಿರಲಿ. ಬೋರ್ಡನ್ನು ಜನವರಿ, ಫೆಬ್ರವರಿಯೊಳಗೆ ನಿಲ್ಲಿಸಿ, ಬಿಸಿಲು ಏರಿದರೆ ಗಿಡ ಒಣಗಿ ಹೋಗುತ್ತೆ. ಪೇಂಟರ್‌ಗೆ ‘ಂತ್ಯ’ ಒತ್ತು ಬಿಡಿಸಿ ತೋರಿಸಿ, ಇಲ್ಲಾಂದ್ರೆ ‘ಮೆಂತಯ’ ಆಗುತ್ತೆ.