ಔಷಧಿ ಡಬ್ಬಿ ಮೇಲೆ ಹಸಿರು ಇದೆ ಅಂತ ಕಾಕಾ ಮಾಸ್ಕ್ ಹಾಕುತ್ತಿಲ್ಲ

ತೊಗರಿಹೊಲ: ನಮ್ಮದು ಆಳಂದ ಕಡೆ. ತೊಗರಿ ಹೂವಿಗೆ ಬಂದಿದೆ, ಕಾಯಿಕೊರಕಕ್ಕೆ ಔಷಧಿ ಹೊಡೆಯೋದು ನಡೆದಿದೆ. ಕಾಕಾ ತಂದ ಡಬ್ಬಿ ಮೇಲೆ ಹಸಿರು ತ್ರಿಕೋನ ಇದೆ. ಅದನ್ನೇ ತೋರಿಸಿ "ಹಸರ ಅದಲಾ, ಏನೂ ಆಗಂಗಿಲ್ಲ ಬಿಡು" ಅಂತ ಬರಿಗೈಯಲ್ಲೇ ಕಲಸುತ್ತಾರೆ. ಹಳದಿ ಡಬ್ಬಿ ಬಂದರೆ "ಕೆಂಪಂತೂ ಅಲ್ಲ" ಅನ್ನುತ್ತಾರೆ. ಪಿಯುಸಿ ಓದಿದವರು ಬೇರೆ! ಹೇಗೆ ಹೇಳಿದರೆ ತಲೆಗೆ ಹೋಗುತ್ತೆ?

ಗೊಬ್ಬರದಂಗಡಿ: ದಿನಾ ನೋಡುತ್ತೇನೆ ಇದನ್ನ. ಕೆಂಪು ಅಂದ್ರೆ ಅತಿ ಹೆಚ್ಚು ವಿಷ, ಆಮೇಲೆ ಹಳದಿ, ಆಮೇಲೆ ನೀಲಿ, ಕೊನೆಗೆ ಹಸಿರು. 1971ರ ಕೀಟನಾಶಕ ನಿಯಮದಲ್ಲೇ ಇದೆ. ಹಸಿರು ಅಂದ್ರೆ ಕಡಿಮೆ ವಿಷ, ವಿಷ ಇಲ್ಲ ಅಂತಲ್ಲ. ಹಳದಿ ಡಬ್ಬಿ ಮೇಲೆ ಕೆಂಪಕ್ಷರದಲ್ಲಿ ಪಾಯಿಸನ್ ಅಂತಾನೇ ಇರುತ್ತೆ, ಆದರೆ ಸಿಗ್ನಲ್‌ನಲ್ಲಿ ಹಳದಿ ಬಿದ್ದಾಗ ಗಾಡಿ ಇನ್ನೂ ಜೋರು ಓಡಿಸೋ ಜನ ನಾವು, ಆ ರೂಢಿಯನ್ನೇ ಇಲ್ಲಿಗೂ ಹಚ್ಚುತ್ತೇವೆ. ನೀಲಿ ಸಿಗ್ನಲ್‌ನಲ್ಲೇ ಇಲ್ಲ, ಅದನ್ನ ಯಾರೂ ಲೆಕ್ಕಕ್ಕೇ ಹಿಡಿಯಲ್ಲ.

ಬೀದರ್ ಮಾಸ್ತರ್: ಕಾಕಾ ಅವರದು ಹಟ ಅಲ್ಲ ಅನಿಸುತ್ತೆ. ಬಿಸ್ಕತ್ ಪ್ಯಾಕೆಟ್ ಮೇಲಿನ ಹಸಿರು ಚುಕ್ಕೆ, ಚೌಕದ ಸಿಗ್ನಲ್, ಎಲ್ಲ ಕಡೆ ಹಸಿರು ಅವರಿಗೆ "ನಡೀರಿ" ಅಂತಾನೇ ಹೇಳಿದೆ. ಗುರುತಿನೊಳಗೆ ಅರ್ಥ ಕೂತಿರಲ್ಲ, ನೋಡಿದವರು ಮೊದಲು ಕಂಡಿದ್ದರಿಂದ ತುಂಬುತ್ತಾರೆ. ವಿಕಿರಣದ ಗುರುತು ಇದೆಯಲ್ಲ, ಹಳದಿ ಮೇಲೆ ಮೂರು ಕಪ್ಪು ರೆಕ್ಕೆ, ಅದನ್ನ ನಮ್ಮ ಎಂಟನೇ ಕ್ಲಾಸಿನಲ್ಲಿ ತೋರಿಸಿದೆ. "ಸರ್, ಫ್ಯಾನು" ಅಂದ್ರು! ಈ ತೊಂದರೆಗೇ 2007ರಲ್ಲಿ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಇನ್ನೊಂದು ಗುರುತು ತಂದಿತು: ಕೆಂಪು ತ್ರಿಕೋನ, ಮೇಲಿಂದ ಬೀಳುವ ಅಲೆ, ಬುರುಡೆ, ಓಡಿಹೋಗುವ ಮನುಷ್ಯ. 11 ದೇಶಗಳ ಜನರಿಗೆ ತೋರಿಸಿ, ಅವರಿಗೆ ಏನು ತಿಳಿಯಿತು ಅಂತ ಕೇಳಿ ಆರಿಸಿದ್ದು. ಹಳೇದನ್ನ ತೆಗೆದಿಲ್ಲ, ಅಪಾಯ ಜಾಸ್ತಿ ಇರುವ ಸಾಧನಗಳಿಗೆ ಇದನ್ನೂ ಸೇರಿಸಿದರು.

ಶಹಾಪುರದವ: ಬುರುಡೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಟಿಸಿ ಕಂಬದ ಬೋರ್ಡಿನಿಂದ. ಅಕ್ಷರ ಬಾರದ ನಮ್ಮ ಅವ್ವನೂ ಅದನ್ನ ಕಂಡರೆ ಎಮ್ಮೆ ಈ ಕಡೆ ಹೊಡೆಯುತ್ತಾಳೆ. ಆದರೆ ಔಷಧಿ ಡಬ್ಬಿಗಳಲ್ಲಿ ಬುರುಡೆ ಇರೋದು ಕೆಂಪಿನ ಮೇಲೆ ಮಾತ್ರ, ಹಳದಿ ಮೇಲೂ ಇಲ್ಲ. ಬುರುಡೆ ಇಲ್ಲ, ಅಂದಮೇಲೆ ಹೆದರಿಕೆ ಯಾಕೆ ಅಂತ ಜನ. ಇನ್ನೊಂದು, ಆ ಬಣ್ಣ ಹೇಳೋದು ಔಷಧಿ ಬಾಯಿಂದಲೋ ಚರ್ಮದಿಂದಲೋ ಒಮ್ಮೆಗೇ ಎಷ್ಟು ಒಳಗೆ ಹೋದರೆ ಜೀವ ಹೋಗುತ್ತೆ ಅನ್ನೋದನ್ನ, ಅದೂ ಪ್ರಾಣಿಗಳ ಮೇಲೆ ಪರೀಕ್ಷೆ ಮಾಡಿ. ಕಣ್ಣುರಿ, ತುರಿಕೆ ಆ ಲೆಕ್ಕದಲ್ಲಿಲ್ಲ. ಕಾಕಾ ಅವರಿಗೆ ಪಾಠ ಬೇಡ, ಇದಿಷ್ಟು ಹೇಳಿ ಸಾಕು.

ತೊಗರಿಹೊಲ: ಕಣ್ಣುರಿ ಮಾತು ತೆಗೆದಿದ್ದಕ್ಕೆ ಸುಮ್ಮನೆ ಕೇಳಿದರು, ಹೋದ ವರ್ಷ ಅನುಭವಿಸಿದ್ದಾರಲ್ಲ. ಗ್ಲೌಸ್ ಹಾಕಿಕೊಂಡರು. ಮಾಸ್ಕ್‌ಗೆ ಮಾತ್ರ "ಧಗಿ ಆಗ್ತದ" ಅಂತ ಈಗಲೂ ಇಲ್ಲ. ಅಂಗಡಿಯವರೇ, ಉಸಿರು ಕಟ್ಟದಂಥದ್ದು ಯಾವುದಾದರೂ ಇದೆಯಾ?