ಪದ ಬೇಕು: ಬೆಟ್ಟದ ತುದಿಗೆ ಕವಿಯುವುದು ಮೋಡವೋ ಮಂಜೋ? (ಗುರುವಾರ ರಾತ್ರಿಯೊಳಗೆ)

ನಮಸ್ಕಾರ. ಸ್ವಲ್ಪ ಅರ್ಜೆಂಟು. ಇಲ್ಲಿನ ಏಳೆಂಟು ಕನ್ನಡದ ಮನೆಯವರು ಸೇರಿ ಈ ಶುಕ್ರವಾರ ವೇಲ್ಸ್‌ಗೆ ಹೊರಟಿದ್ದೇವೆ, ಸ್ನೋಡನ್ ಬೆಟ್ಟ ಹತ್ತಲು. ಎತ್ತರ 1,085 ಮೀಟರ್, ನಮ್ಮ ಕೊಡಚಾದ್ರಿಗಿಂತ ಕಡಿಮೆಯೇ. ಊರಿಂದ ಬಂದಿರುವ ಅಪ್ಪ ಅಮ್ಮಂದಿರೂ ಜೊತೆಗೆ ಬರುತ್ತಾರೆ. ಜುಲೈ ಅಂದರೆ ಇಲ್ಲಿ ಬೇಸಿಗೆ ಅಲ್ವಾ, ಸ್ವೆಟರ್ ಯಾಕೆ ಅನ್ನುವ ಜನ. ಅವರಿಗಾಗಿ ಮೂರು ದಿನದ ಹವಾಮಾನವನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಪ್ರಿಂಟ್ ಹಾಕಬೇಕು.

ತೊಡಕು ಹೀಗಿದೆ. ಶುಕ್ರವಾರ ಮಳೆ, 500 ಮೀಟರಿನಿಂದ ಮೇಲೆ ಬೆಟ್ಟವೆಲ್ಲ ಮೋಡದೊಳಗೆ. ಇದಕ್ಕೆ ಇಂಗ್ಲಿಷಿನವರು ಹಿಲ್ ಫಾಗ್ ಅನ್ನುತ್ತಾರೆ. ನಾನು "ಬೆಟ್ಟದ ಮೇಲೆ ಮಂಜು" ಅಂತ ಬರೆದೆ. ಅಮ್ಮ ಓದಿ, "ಅಯ್ಯೋ, ಹಿಮ ಬೀಳುತ್ತಾ?" ಅಂದರು. ಇನ್ನು ಭಾನುವಾರ ಉಲ್ಟಾ, ಬೆಳಿಗ್ಗೆ ಕಣಿವೆಯಲ್ಲಿ ಮಂಜು, ಬೆಟ್ಟದ ತುದಿ ಬಿಸಿಲಲ್ಲಿ. ಎರಡಕ್ಕೂ ಒಂದೇ ಪದ ಹಾಕಿದರೆ ಹಾಳೆಯೇ ದಂಡ. ಜೊತೆಗೆ ಗಸ್ಟ್ (ಥಟ್ಟನೆ ಜೋರಾಗಿ ಬೀಸಿ ಹೋಗುವ ಗಾಳಿ), ವಿಂಡ್ ಚಿಲ್ (ಗಾಳಿಯಿಂದ ಮೈಗೆ ಹೆಚ್ಚಾಗಿ ಹತ್ತುವ ಚಳಿ) ಇವೆರಡಕ್ಕೂ ಪದ ಬೇಕು. ಶನಿವಾರ ತುದಿಯಲ್ಲಿ 7 ಡಿಗ್ರಿ, ಗಾಳಿ ಗಂಟೆಗೆ 45 ಕಿ.ಮೀ., ಆಗಾಗ 70. ಮೈಗೆ 2 ಡಿಗ್ರಿಯ ಹಾಗಿರುತ್ತದಂತೆ.
– ಮ್ಯಾಂಚೆಸ್ಟರಿನಿಂದ

* * *

ತಂಗೀ, ಇದಕ್ಕೆ ಪದಕೋಶ ಬೇಡ. ಗದ್ದೆ ಮೇಲೆ ಕೂತರೆ ಮಂಜು, ಗುಡ್ಡದ ಮೇಲೆ ಕೂತರೆ ಮೋಡ. ನಮ್ಮ ಕಡೆ ಯಾರನ್ನು ಕೇಳಿದರೂ ಹೀಗೇ ಹೇಳುತ್ತಾರೆ. "ಗುಡ್ಡಕ್ಕೆ ಮೋಡ ಮುಚ್ಚಿದೆ", ಆಯಿತು.

ಇದು ಬರೀ ಮಾತಿನ ವ್ಯತ್ಯಾಸ ಅಲ್ಲ. ರಾತ್ರಿ ಆಕಾಶ ತಿಳಿಯಾಗಿದ್ದರೆ ನೆಲ ತಣ್ಣಗಾಗುತ್ತದೆ, ತಂಪು ಗಾಳಿ ಭಾರವಾಗಿ ತಗ್ಗಿಗೆ ಇಳಿಯುತ್ತದೆ, ಅಲ್ಲಿ ಮಂಜು ಕಟ್ಟುತ್ತದೆ. ಬಿಸಿಲು ಏರಿದರೆ ಸಾಮಾನ್ಯವಾಗಿ ಹೋಗುತ್ತದೆ. ಗುಡ್ಡದ ಮೋಡ ಹಾಗಲ್ಲ. ಒದ್ದೆ ಗಾಳಿ ಗುಡ್ಡ ಹತ್ತುವಾಗ ತಣ್ಣಗಾಗಿ ಅಲ್ಲೇ ಮೋಡ ಆಗುತ್ತದೆ. ಗಾಳಿ ಹಾಗೇ ಬೀಸುತ್ತಿದ್ದರೆ ಮಧ್ಯಾಹ್ನವಾದರೂ ಮೋಡ ಬಿಡುವುದಿಲ್ಲ. "ಮಂಜು" ಅಂತ ಬರೆದರೆ ಹಿರಿಯರು ಹತ್ತು ಗಂಟೆಗೆ ತಿಳಿಯಾಗುತ್ತದೆ ಅಂದುಕೊಂಡು ಹತ್ತುತ್ತಾರೆ. ಅದಕ್ಕೇ ಹೇಳಿದ್ದು.
– ಕೊಪ್ಪದಿಂದ

* * *

> ಗದ್ದೆ ಮೇಲೆ ಕೂತರೆ ಮಂಜು, ಗುಡ್ಡದ ಮೇಲೆ ಕೂತರೆ ಮೋಡ

ಕೇಳಲು ಚೆನ್ನಾಗಿದೆ, ಬೇರಿಗೆ ಹೊಂದುವುದಿಲ್ಲ. ತಮಿಳಿನಲ್ಲಿ ಮಂಜು ಅಂದರೆ ಮೋಡವೇ. ಮಲಯಾಳದಲ್ಲಿ ಅದೇ ಪದ ಇಬ್ಬನಿಗೂ ಸೈ, ಹಿಮಕ್ಕೂ ಸೈ. ಹಾಗಾಗಿ ಈ ಹೆಣ್ಣುಮಗಳ ಅಮ್ಮ ಹಿಮ ಅಂದುಕೊಂಡದ್ದು ತಪ್ಪೇನಲ್ಲ, ಮಂಜುಗಡ್ಡೆ ಅನ್ನುವುದಿಲ್ಲವೇ ನಾವು? ಇಬ್ಬನಿಯ ಬನಿ, ನಮ್ಮ ಹನಿ, ತಮಿಳಿನ ಪನಿ ಒಂದೇ ಬಳ್ಳಿಯವು. ಈ ಪದಗಳೆಲ್ಲ ಮೊದಲಿಂದ ಒಂದರೊಳಗೊಂದು ಬೆರೆತಿವೆ. ಗೆರೆ ಬೇಕಿದ್ದರೆ ಹೊಸ ಪದ ಕಟ್ಟಬೇಕು: ಮುಗಿಲ್ಮಬ್ಬು. ಗಸ್ಟ್‌ಗೆ ಬಿರುಬೀಸು. ವಿಂಡ್ ಚಿಲ್‌ಗೆ ಕುಳಿರ್ಗಾಳಿ.

ಆ "ಹವಾಮಾನ"ವನ್ನು ಮೊದಲು ತೆಗೆಯಿರಿ. ಅರ್ಧ ಅರಬ್ಬಿ, ಅರ್ಧ ಸಂಸ್ಕೃತ. ಇನ್ನೊಂದು ಮಾತು, ಸ್ನೋಡನ್ ಅನ್ನುವುದು ಇಂಗ್ಲಿಷರು ಇಟ್ಟ ಹೆಸರು. ಅಲ್ಲಿನ ರಾಷ್ಟ್ರೀಯ ಉದ್ಯಾನದವರೇ 2022ರಲ್ಲಿ ವೆಲ್ಶ್ ಹೆಸರನ್ನೇ ಬಳಸುವುದು ಅಂತ ತೀರ್ಮಾನಿಸಿದ್ದಾರೆ. ಬೆಟ್ಟ ಅರ್ ವಿದ್ವಾ, ಸೀಮೆ ಎರರಿ. ಅವರು ತಮ್ಮ ನುಡಿಯನ್ನು ಉಳಿಸಿಕೊಳ್ಳುತ್ತಿರುವಾಗ ಕನ್ನಡಿಗರು ಹೋಗಿ ಸ್ನೋಡನ್ ಅಂತ ಹಾಳೆ ಹಂಚುವುದೇ? ನಮ್ಮಲ್ಲಿ ಎರವಲಿನ ಮೋಹ ಜಾಸ್ತಿ.
– ಮೈಸೂರಿನಿಂದ

* * *

"ಜಾಸ್ತಿ" ಅರಬ್ಬಿಯಿಂದ ಬಂದದ್ದು ಸರ್. ಪಾರ್ಸಿ ದಾರಿಯಲ್ಲಿ.
– ಧಾರವಾಡದಿಂದ

* * *

ಮಂಜು ಸಂಸ್ಕೃತ ಪದ ಅಲ್ಲವೇ? ಮಂಜುಳ, ಮಂಜುನಾಥ ಇವೆಯಲ್ಲ. ಮೆದು, ಚೆಲುವು ಅನ್ನುವ ಅರ್ಥದಿಂದ ಇಬ್ಬನಿಗೆ ಬಂದಿರಬೇಕು.
– ತುಮಕೂರಿನಿಂದ

* * *

ಅಲ್ಲ. ಅದು ಬೇರೆ ಮಂಜು.
– ಮೈಸೂರಿನಿಂದ

* * *

ಮುಗಿಲ್ಮಬ್ಬು ಅಂತ ಬರೆದ ಹಾಳೆ ಹಿಡಿದು ಅರವತ್ತೈದು ವರ್ಷದವರು ಬೆಟ್ಟ ಹತ್ತಬೇಕೇ? ಅದೇನು ಕವನವೇ? ಬೇರು ಹಿಡಿದು ಜಗ್ಗುವುದರಲ್ಲಿ ಗಿಡ ಸತ್ತೀತು. ಕೊಪ್ಪದವರು ಹೇಳಿದ್ದೇ ಸರಿ.

ವಿಂಡ್ ಚಿಲ್‌ಗೆ ಮಾತ್ರ ಒಂದು ತಿದ್ದುಪಡಿ. ಕುಳಿರ್ಗಾಳಿಯಾಗಲಿ ಚಳಿಗಾಳಿಯಾಗಲಿ, ಎರಡರಲ್ಲೂ ಮುಖ್ಯ ಪದ ಗಾಳಿ. ಇಲ್ಲಿ ಹೇಳಬೇಕಾದ್ದು ಚಳಿಯನ್ನು, ಗಾಳಿ ತಂದ ಚಳಿಯನ್ನು. ಆದ್ದರಿಂದ ಗಾಳಿಚಳಿ. ಸಮಾಸ ತಿರುವುಮುರುವಾದರೆ ಅರ್ಥವೂ ತಿರುವುಮುರುವು. ನಮ್ಮ ಕಡೆಯವರು ಥಂಡಿ ಅನ್ನುತ್ತೇವೆ. ಅದು ಮರಾಠಿಯಿಂದ ಬಂತು ಅಂತ ಇಲ್ಲಿ ಈಗ ಒಬ್ಬರು ಎದ್ದು ನಿಲ್ಲುತ್ತಾರೆ, ಇರಲಿ. ಧಾರವಾಡದಲ್ಲಿ ಥಂಡಿ ಹತ್ತಿದವನು ಪದದ ಜಾತಿ ಕೇಳುವುದಿಲ್ಲ.

ಪೇಪರಿನವರ "ಮೋಡಾವರಣ" ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ, ಅದು ಅರಿಸಮಾಸ, ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆದದ್ದು. ಬೇಡ.
– ಧಾರವಾಡದಿಂದ

* * *

ಅರಿಸಮಾಸಕ್ಕೆ ಅಷ್ಟು ಮಡಿ, ಥಂಡಿಗೆ ಇಲ್ಲ. ಒಳ್ಳೆಯ ನ್ಯಾಯ.
– ಮೈಸೂರಿನಿಂದ

* * *

ಜಗಳ ಆಮೇಲೆ ಆಡಿ, ಗುರುವಾರ ಇವತ್ತೇ.

ಗಸ್ಟ್‌ಗೆ ಬಿರುಗಾಳಿ ಅಂತೂ ಹಾಕಬೇಡಿ. ಬಿರುಗಾಳಿ ಅಂದರೆ ಮರ ಬೀಳಿಸುವಂಥದ್ದು, ಒಂದೇ ಸಮನೆ ಬೀಸುವುದು. ಗಸ್ಟ್ ನಾಲ್ಕಾರು ಸೆಕೆಂಡಿನದು. ರಪ್ಪನೆ ಬಂದು ಹೊಡೆದು ಹೋಗುತ್ತದೆ. ಅಪಾಯ ಇರುವುದೇ ಅಲ್ಲಿ. ಒಂದೇ ಸಮನೆ ಬೀಸುವ ಗಾಳಿಗೆ ಜನ ಮೈ ಒಗ್ಗಿಸಿಕೊಂಡು ಓರೆಯಾಗಿ ನಡೆಯುತ್ತಾರೆ. ಗಾಳಿ ಥಟ್ಟನೆ ನಿಂತರೂ ಮುಗ್ಗರಿಸುತ್ತಾರೆ, ಮತ್ತೆ ಹೊಡೆದರೂ ಮುಗ್ಗರಿಸುತ್ತಾರೆ. "ಗಾಳಿಯ ಹೊಡೆತ" ಅಂತ ಬರೆಯಿರಿ ಸಾಕು.

ಇನ್ನೊಂದು, ಪದಕ್ಕಿಂತ ಇದು ಮುಖ್ಯ. ನಾನು ಆ ಬೆಟ್ಟ ಹತ್ತಿದ್ದೇನೆ, ಮೋಡದಲ್ಲೇ. ತುದಿಗೆ ಸ್ವಲ್ಪ ಕೆಳಗೆ ಬುಲ್ಖ್ ಗ್ಲಾಸ್ ಅನ್ನುವ ಜಾಗದಲ್ಲಿ ಬೇರೆಬೇರೆ ದಾರಿಗಳು ಬಂದು ಸೇರುತ್ತವೆ. ಅಲ್ಲೊಂದು ಎತ್ತರದ ಕಲ್ಲು ನೆಟ್ಟಿದ್ದಾರೆ. ಇಳಿಯುವಾಗ ಮೋಡದಲ್ಲಿ ಬೇರೆ ದಾರಿ ಹಿಡಿದರೆ ಕಾರು ನಿಲ್ಲಿಸಿದ ಊರು ಬಿಟ್ಟು ಇನ್ನೆಲ್ಲಿಗೋ ಹೋಗಿ ಇಳಿಯುತ್ತೀರಿ. ನಾವು ಹಾಗೇ ಮಾಡಿದೆವು. ಟ್ಯಾಕ್ಸಿಗೆ ಕೊಟ್ಟ ದುಡ್ಡು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.
– ಕಾರ್ಡಿಫ್‌ನಿಂದ

* * *

ಎಲ್ಲರಿಗೂ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿ ಒಂದೊಂದು ಪದವನ್ನೂ ಪರೀಕ್ಷೆ ಮಾಡಿದೆ. ಮುಗಿಲ್ಮಬ್ಬು ಕೇಳಿ ನಕ್ಕರು. ಬಿರುಬೀಸು ಅಂದರೆ ಬೀಸಣಿಗೆಯಾ ಅಂದರು. "ಗಾಳಿಚಳಿ" ಚೆನ್ನಾಗಿದೆ ಅಂದರು, ಆದರೆ 7 ಡಿಗ್ರಿ ಯಾವುದು, 2 ಡಿಗ್ರಿ ಯಾವುದು ಅಂತ ಗೊತ್ತಾಗಲಿಲ್ಲ. ಹಾಗಾಗಿ ಪದ ಬಿಟ್ಟು ವಾಕ್ಯವನ್ನೇ ಹಾಕಿದ್ದೇನೆ. ಕೊನೆಗೆ ಹೀಗಾಯಿತು:

"ಶುಕ್ರವಾರ: ಮಳೆ. ಅರ್ಧ ಬೆಟ್ಟದಿಂದ ಮೇಲೆ ಮೋಡ ಮುಚ್ಚಿರುತ್ತದೆ. ದಿನವಿಡೀ ಬಿಡುವುದಿಲ್ಲ. ಹತ್ತುವುದು ಬೇಡ.
ಶನಿವಾರ: ಮೋಡ ಮೇಲೇಳುತ್ತದೆ, ಆಗಾಗ ಮಳೆ. ಗಾಳಿ ಜೋರು, ಬೆಟ್ಟದ ಮೇಲೆ ಮರೆಯಿಲ್ಲದ ಕಡೆ ಗಾಳಿಯ ಹೊಡೆತ ಮುಗ್ಗರಿಸುವಷ್ಟು. ತುದಿಯಲ್ಲಿ 7 ಡಿಗ್ರಿ ಇದ್ದರೂ ಗಾಳಿಗೆ 2 ಡಿಗ್ರಿಯಷ್ಟು ಚಳಿ ಹತ್ತುತ್ತದೆ. ಟೋಪಿ, ಕೈಗವಸು, ಮಳೆ ಜಾಕೆಟ್ ಇಲ್ಲದವರು ಕೆಳಗೇ ಇರಿ.
ಭಾನುವಾರ: ಬೆಳಿಗ್ಗೆ ಕಣಿವೆಯಲ್ಲಿ ಮಂಜು, ಮೇಲೆ ಬಿಸಿಲು. ಮಂಜು ನೋಡಿ ಹೆದರಬೇಡಿ, ಇವತ್ತೇ ಹತ್ತುವ ದಿನ. ಇಳಿಯುವಾಗ ಎತ್ತರದ ಕಲ್ಲಿನ ಹತ್ತಿರ ಎಲ್ಲರೂ ನಿಲ್ಲಿ, ತಲೆ ಎಣಿಸಿ ಮುಂದೆ ಹೋಗೋಣ."

ಮೇಲೆ ದೊಡ್ಡದಾಗಿ ಅರ್ ವಿದ್ವಾ ಅಂತಲೇ ಹಾಕಿದ್ದೇನೆ, ಮೈಸೂರಿನ ಸರ್ ಹೇಳಿದ್ದು ಸರಿ ಅನ್ನಿಸಿತು. "ಹವಾಮಾನ" ಮಾತ್ರ ಹಾಗೇ ಇದೆ, ಕ್ಷಮಿಸಿ.
– ಮ್ಯಾಂಚೆಸ್ಟರಿನಿಂದ

* * *

ಜೋರು ಪಾರ್ಸಿ. ಜಾಕೆಟ್ ಇಂಗ್ಲಿಷ್.
– ಮೈಸೂರಿನಿಂದ

* * *

ಹಾಗಾದರೆ ಮಳೆಗೆ ಹಾಕುವ ಎಲೆಯ ಗೊರಬು ಹೊದ್ದುಕೊಂಡು ಹೋಗಲಿ ಬಿಡಿ. ನಮ್ಮ ಅಟ್ಟದ ಮೇಲೆ ಎರಡಿವೆ, ಕಳಿಸಿಕೊಡಲೇ?
– ಕೊಪ್ಪದಿಂದ